ಊಟದ ಸೈರನ್ನಿಗೆ ಕಾಯುತ್ತಿದ್ದ ಮೇಸ್ತ್ರಿ

ಮೇಸ್ತ್ರಿಯ ಉದ್ದನೆಯ ಸ್ಕ್ರೂಡ್ರೈವರಿನ ಮರದ ಹಿಡಿಯ ಮೇಲೆ ಕೊನೆಕೊನೆಗೆ ಹಲ್ಲಿನ ಗುರುತುಗಳು ಮೂಡಿದ್ದವು. ಯಾರಾದರೂ ಕೇಳಿದರೆ ಇಲಿ ಕಡಿದದ್ದು ಎನ್ನುತ್ತಿದ್ದರು. ಅದು ಇಲಿಯಲ್ಲ ಎಂದು ಗೊತ್ತಿದ್ದವರಲ್ಲಿ ನಾನೂ ಒಬ್ಬಳು.

ರಾಜಗೋಪಾಲನಗರದಿಂದ ಪೀಣ್ಯದ ಕಡೆ ಹೋಗುವ ರಸ್ತೆಯಲ್ಲಿ, ಕಬ್ಬಿಣದ ಪೈಪು ಕೊಯ್ಯುವ ಶೆಡ್ಡಿನ ಪಕ್ಕಕ್ಕೇ ನಮ್ಮ ಮೇಸ್ತ್ರಿಯ ಗ್ಯಾರೇಜು. ಹಳೆಯ ಕಾರುಗಳ ಕಾರ್ಬೊರೇಟರ್ ಬಿಚ್ಚಿ ಕಟ್ಟುವುದರಲ್ಲಿ ಅವರದು ಎತ್ತಿದ ಕೈ. ಗಾಳಿಯನ್ನೂ ಪೆಟ್ರೋಲನ್ನೂ ಹದವಾಗಿ ಬೆರೆಸಿ ಎಂಜಿನ್ನಿಗೆ ಕೊಡುವ, ಬೊಗಸೆಯಲ್ಲಿ ಹಿಡಿಸುವ ಆ ಭಾಗವನ್ನು ಅವರು ಮೂಗು ಎಂದೇ ಕರೆಯುತ್ತಿದ್ದರು. ಕಾರು ಎಳೆಯುತ್ತಿಲ್ಲವೆಂದರೆ ಮೂಗು ಕಟ್ಟಿದೆ, ಕೆಮ್ಮುತ್ತಿದೆಯೆಂದರೆ ನೆಗಡಿ.

ನನ್ನದು ಅಪ್ಪ ಬಿಟ್ಟುಹೋದ ಫಿಯೆಟ್. ಗುಜರಿಗೆ ಹಾಕು ಎಂದು ಮನೆಯವರು ತಲೆ ತಿಂದಷ್ಟೂ ನನ್ನ ಹಟ ಹೆಚ್ಚುತ್ತಿತ್ತು. ಬೇರೆ ಗ್ಯಾರೇಜುಗಳಲ್ಲಿ ಪ್ರಶ್ನೆ ಕೇಳುವವಳು ನಾನು, ಉತ್ತರ ಮಾತ್ರ ನನ್ನ ಗಂಡನಿಗೆ. ಅವರಿಗೋ ಕಾರಿನ ಗಂಧಗಾಳಿ ಇಲ್ಲ. ನಮ್ಮ ಮೇಸ್ತ್ರಿ ಮೊದಲ ದಿನವೇ ಅವರನ್ನು ಟೀ ಅಂಗಡಿಗೆ ಸಾಗಹಾಕಿ ನನ್ನನ್ನು ಬಾನೆಟ್ಟಿನ ಬಳಿ ಕರೆದರು. ಅಲ್ಲಿಗೇ ನಾನು ಅವರ ಕಡೆಯವಳಾದೆ.

ಒಗೆದ ಪಂಚೆಯ ತುಂಡು ಹಾಸಿ, ಬಿಚ್ಚಿದ ಒಂದೊಂದು ಭಾಗವನ್ನೂ ಬಿಚ್ಚಿದ ಕ್ರಮದಲ್ಲೇ ಇಡುತ್ತಿದ್ದರು. ಪೆಟ್ರೋಲು ಹಾಯುವ ಹಿತ್ತಾಳೆಯ ಜೆಟ್ಟಿನ ಸಣ್ಣ ತೂತನ್ನು ಬಾಯಿಂದ ಊದಿ, ಬೆಳಕಿಗೆ ಹಿಡಿದು ನೋಡುವರು. ಅದಕ್ಕೆ ತಂತಿ ತೂರಿಸಿ ತೂತು ದೊಡ್ಡದು ಮಾಡಿಕೊಂಡು ಬಂದ ಗಿರಾಕಿಗಳಿಗೆ ಮಂಗಳಾರತಿ ತಪ್ಪುತ್ತಿರಲಿಲ್ಲ.

ಕೊನೆಯ ಟ್ಯೂನಿಂಗ್ ಮಾತ್ರ ಪಕ್ಕದ ಶೆಡ್ಡಿನಲ್ಲಿ ಊಟದ ಸೈರನ್ ಆಗಿ, ಕಬ್ಬಿಣ ಕೊಯ್ಯುವ ಕಿರುಚಾಟ ನಿಂತ ಮೇಲೆಯೇ. ಎಂಥ ದೊಡ್ಡ ಮನುಷ್ಯ ಬಂದರೂ ಅಲ್ಲಿಯವರೆಗೆ ಕಾಯಬೇಕು. ಆಗ ಎಂಜಿನ್ ಶುರು ಮಾಡಿ, ಸ್ಕ್ರೂಡ್ರೈವರಿನ ತುದಿಯನ್ನು ಅದಕ್ಕೂ ಹಿಡಿಯನ್ನು ತಮ್ಮ ಕಿವಿಗೂ ಒತ್ತಿ, ಇನ್ನೊಂದು ಕೈಯಲ್ಲಿ ಕಾರ್ಬೊರೇಟರಿನ ತಿರುಪನ್ನು ಕೂದಲೆಳೆಯಷ್ಟು ತಿರುಗಿಸುವರು. ಆಮೇಲೆ ಹಿಡಿಯನ್ನು ನನಗೆ ಕೊಡುವರು. "ನೀವೇ ಕೇಳಿ ಮೇಡಂ. ನನ್ ಮಾತು ನಂಬಬ್ಯಾಡಿ." ಹಾಗೆ ಕೇಳಿ ಕೇಳಿಯೇ ನಾನು ಕಲಿತದ್ದು.

ಒಂದು ಶನಿವಾರ ಅರ್ಜೆಂಟ್ ಆರ್ಡರಿನಿಂದಾಗಿ ಶೆಡ್ಡಿನವರ ಊಟ ತಡವಾಗಿತ್ತು. ಗರಗಸ ಕಿವಿ ಹರಿದುಹೋಗುವಂತೆ ಕಿರುಚುತ್ತಿತ್ತು. ಮೇಸ್ತ್ರಿ ಗೋಡೆಯ ಗಡಿಯಾರದಲ್ಲಿ ಊಟದ ಹೊತ್ತಾದದ್ದು ನೋಡಿದವರೇ ನನ್ನ ಕಾರಿನ ಎಂಜಿನ್ ಶುರು ಮಾಡಿ ಟ್ಯೂನಿಂಗಿಗೆ ಬಗ್ಗಿದರು. ಸ್ಕ್ರೂಡ್ರೈವರಿನ ಹಿಡಿ ಈಗ ಕಿವಿಯಲ್ಲಿರಲಿಲ್ಲ, ಹಲ್ಲಿನಲ್ಲಿ ಕಚ್ಚಿಕೊಂಡಿದ್ದರು. ಕರೆದೆ, ತಿರುಗಲಿಲ್ಲ. ಭುಜ ಮುಟ್ಟಿ ಶೆಡ್ಡಿನ ಕಡೆ ಕೈ ತೋರಿಸಿದೆ. ಅಲ್ಲಿ ಗರಗಸದಿಂದ ಕಿಡಿ ಹಾರುತ್ತಿದ್ದುದನ್ನು ನೋಡಿ ಎಂಜಿನ್ ಆರಿಸಿದರು. ಮುಖ ಸಣ್ಣದಾಯಿತು.

"ಇದು ನಮ್ಮಲ್ಲೇ ಇರ್ಲಿ ಮೇಡಂ. ಕಿವುಡನ ಕೈಗೆ ಯಾರು ಗಾಡಿ ಕೊಡ್ತಾರೆ? ಕೊಡ್ಲಿಲ್ಲ ಅಂದ್ರೆ ಬೆಳಗ್ಗೆ ಎದ್ದು ನಾನು ಎಲ್ಲಿಗೋಗ್ಲಿ?"

ಹಲ್ಲಿನಿಂದ ಏನು ತಿಳಿಯುತ್ತದೆ ಎಂದು ಸನ್ನೆಯಲ್ಲಿ ಕೇಳಿದೆ. ದವಡೆ ತಟ್ಟಿ ತೋರಿಸಿ, ಎಂಜಿನ್ ಮತ್ತೆ ಶುರು ಮಾಡಿ ಬಗ್ಗಿದರು. ಆ ಸಂಜೆ ತುಮಕೂರು ರಸ್ತೆಯ ಮೇಲ್ಸೇತುವೆ ಏರುವಾಗ ಯಾವಾಗಲೂ ಕೆಮ್ಮುತ್ತಿದ್ದ ಕಾರು ಒಮ್ಮೆಯೂ ಕೆಮ್ಮಲಿಲ್ಲ.

ನನ್ನ ಬಾಯಲ್ಲಿ ಗುಟ್ಟು ನಿಲ್ಲುವುದಿಲ್ಲ ಎಂದು ಮನೆಯಲ್ಲಿ ತಮಾಷೆ ಮಾಡುತ್ತಾರೆ. ಇದೊಂದು ನಿಂತಿತು. ನಾನು ಶಾಲೆಯ ಟೀಚರು, ಶನಿವಾರ ಅರ್ಧ ದಿನ. ಶಾಲೆ ಬಿಟ್ಟೊಡನೆ ಗ್ಯಾರೇಜಿಗೆ ಹೋಗಿ, ಅವರ ಕಣ್ಣಿಗೆ ಬೀಳುವ ಹಾಗೆ ಕೂತು ಊಟ ಮಾಡತೊಡಗಿದೆ. ಸೈರನ್ ಆದಾಗ ಡಬ್ಬಿ ತೊಳೆಯಲು ಏಳುತ್ತಿದ್ದೆ. ಅದನ್ನು ನೋಡಿ ಮೇಸ್ತ್ರಿ ಕೈ ಒರೆಸಿಕೊಂಡು ಗಂಭೀರವಾಗಿ ಹೇಳುವರು: "ಹ್ಞಾಂ, ನಿಲ್ತು. ಈಗ ಶುರು ಮಾಡಣ."

ಟ್ಯೂನಿಂಗ್ ಇನ್ನು ಶನಿವಾರ ಮಾತ್ರ ಎಂದು ಅವರು ನಿಯಮ ಮಾಡಿದಾಗ ಗಿರಾಕಿಗಳು ಅದನ್ನು ಆಂಜನೇಯನ ಹರಕೆ ಎಂದುಕೊಂಡರು. ಸ್ಕ್ರೂಡ್ರೈವರ್ ಕಚ್ಚುವುದು ಕಣ್ಣಿಗೆ ಬಿದ್ದು ಯಾಕೆ ಎಂದು ಕೇಳಿದ ಒಬ್ಬಿಬ್ಬರ ತುಟಿಯಾಟ ನೋಡಿಯೇ, ಎರಡೂ ಕೈ ಬೇಕಲ್ಲ ಸಾರ್ ಎನ್ನುತ್ತಿದ್ದರು. ಅಷ್ಟು ಸಲೀಸಾಗಿ ಸುಳ್ಳು ಹೇಳಿ ನನ್ನ ಕಡೆ ನೋಡಿ ಕಣ್ಣು ಮಿಟುಕಿಸುವರು. ನಗು ತಡೆಯಲು ನಾನು ಪಡುತ್ತಿದ್ದ ಪಾಡು ಅವರಿಗೆ ಮಜಾ.

ಹೋದ ವರ್ಷ ಅವರು ತೀರಿಕೊಂಡರು. ಬಾಗಲಗುಂಟೆಯ ಅವರ ಮನೆಯ ಬೀದಿಯುದ್ದಕ್ಕೂ ಹಳೆಯ ಕಾರುಗಳು ನಿಂತಿದ್ದವು. ಹಳೆಯ ಗಿರಾಕಿಯೊಬ್ಬರು ಕಣ್ಣೊರೆಸಿಕೊಂಡು, ಅಂಥ ಕಿವಿ ಇನ್ನೊಬ್ಬರಿಗೆ ಬರುವುದಿಲ್ಲ ಎಂದರು. ಪಕ್ಕದಲ್ಲಿದ್ದ ಮೇಸ್ತ್ರಿಯ ಹೆಂಡತಿ ನನ್ನ ಕೈ ಒತ್ತಿದರು. ಅವರಿಗೆ ಎಲ್ಲ ಗೊತ್ತಿತ್ತು. ತಿಥಿಯ ದಿನ ಆ ಸ್ಕ್ರೂಡ್ರೈವರನ್ನು ಪಂಚೆಯ ತುಂಡಿನಲ್ಲಿ ಸುತ್ತಿ ನನಗೆ ಕೊಟ್ಟರು.

ಈಗ ಫಿಯೆಟ್ಟಿನ ಮೂಗು ಕಟ್ಟಿದರೆ ನಾನೇ ಬಿಚ್ಚುತ್ತೇನೆ. ನನ್ನ ಕಿವಿ ಚೆನ್ನಾಗಿಯೇ ಇದೆ. ಆದರೂ ಹಿಡಿಯನ್ನು ಅವರ ಹಲ್ಲಿನ ಗುರುತಿರುವಲ್ಲೇ ಕಚ್ಚುತ್ತೇನೆ. ಎಂಜಿನ್ನಿನ ಮಿಡಿತ ದವಡೆಯಿಂದ ತಲೆಗೇರುತ್ತದೆ. ನಮ್ಮ ಮನೆಯ ಹತ್ತಿರ ಯಾವ ಶೆಡ್ಡೂ ಇಲ್ಲ, ಸೈರನ್ನೂ ಇಲ್ಲ. ಶುರು ಮಾಡುವ ಮೊದಲು ಮಾತ್ರ ಎದ್ದುಹೋಗಿ ಊಟದ ಡಬ್ಬಿ ತೊಳೆದಿಟ್ಟು ಬರುತ್ತೇನೆ.