ವಿಮಾನದ ಸದ್ದಿರುವ ಹಾಡು

ದೇವನಹಳ್ಳಿ ಕೋಟೆಯ ಕಲ್ಲುಗಳ ಮೇಲೆ ಮಂಜು ಇನ್ನೂ ಕೂತಿದೆ. ಪಕ್ಕದ ಬೀದಿಯ ಪುಟ್ಟ ಗ್ರಂಥಾಲಯದಲ್ಲಿ ಪ್ರಮೋದಾ ಕಣ್ಣು ಮುಚ್ಚಿ ಕುಳಿತಿದ್ದಾರೆ. ಕಿವಿಯೊಳಗೆ ಯಾರೋ ಕೊಳಲು ನುಡಿಸುತ್ತಿದ್ದಾರೆ. ಓದುಗರು ಬರುವ ಮುಂಚಿನ ಈ ಹೊತ್ತು ಅವರದೇ. ಹೊಸದಾಗಿ ಬಂದ ಸಂಗೀತದ ಸಿ.ಡಿ.ಗಳನ್ನು ಕೇಳಿ, ಸಾಕ್ಷ್ಯಚಿತ್ರಗಳನ್ನು ನೋಡಿ, ಯಾವುದು ಕಪಾಟು ಸೇರಬೇಕು, ಯಾವುದು ವಾಪಸ್ಸು ಹೋಗಬೇಕು ಎಂದು ಗೊತ್ತುಮಾಡುವುದು ಅವರ ಕೆಲಸ.

“ಅರ್ಧ ಕೇಳಿ ಬೇಡ ಅಂದ್ಬಿಟ್ರೆ ಪಾಪ ಸುತ್ಕೊಳುತ್ತೆ ಸಾರ್. ಕೆಲವು ಹಾಡು ಕೊನೇಲೇ ಬಾಯಿ ಬಿಡೋದು,” ಎನ್ನುತ್ತಾರೆ, ಮಾತಾಡಿಸಲು ಹೋದ ನನ್ನೊಡನೆ.

ಅನುಗೊಂಡನಹಳ್ಳಿಯ ರೈತರ ಮನೆಯಿಂದ ಸೊಸೆಯಾಗಿ ಇಲ್ಲಿಗೆ ಬಂದವರು. ಮೊದಲು ಹರಿದ ಪುಸ್ತಕಗಳಿಗೆ ರಟ್ಟು ಕಟ್ಟುತ್ತಿದ್ದರು. ಸಿ.ಡಿ. ಕೊಳ್ಳಲು ಶುರುಮಾಡಿದಾಗ ಕೂತು ಕೇಳುವ ವ್ಯವಧಾನ ಬೇರೆ ಯಾರಿಗೂ ಇರಲಿಲ್ಲ. ಮಧ್ಯಾಹ್ನ ವಿಮಾನ ನಿಲ್ದಾಣದ ಕ್ಯಾಬ್ ಚಾಲಕರು ಬಂದು ಹೆಡ್‌ಫೋನ್ ಹಾಕಿಕೊಳ್ಳುತ್ತಾರೆ. ಆಲಾಪ ಮುಗಿಯುವಷ್ಟರಲ್ಲಿ ನಿದ್ದೆ. ಅವರಿಗೆಂದೇ ಮೆಲುದನಿಯ ಸಿ.ಡಿ.ಗಳು ಕೈಗೆಟುಕುವ ಸಾಲಿನಲ್ಲಿವೆ.

ಹೋದ ತಿಂಗಳು ಈ ಕೆಲಸವೇ ಕೈತಪ್ಪುವುದರಲ್ಲಿತ್ತು. ರನ್‌ವೇ ಗೋಡೆಯಂಚಿನ ಹಳ್ಳಿಯ ಸಪ್ಪಲಮ್ಮ ಹಾಡಿದ ರಾಗಿ ಬೀಸುವ ಪದಗಳ ಸಿ.ಡಿ.ಯನ್ನು ಪ್ರಮೋದಾ ಎರಡು ಸಲ ಕೇಳಿ ಮೆಚ್ಚಿ ಆರಿಸಿದ್ದರು. ಖರೀದಿ ಸಮಿತಿಯ ಶ್ರೀಧರ್ ಅದನ್ನು ಬೆಂಗಳೂರಿನ ತಮ್ಮ ಮನೆಗೆ ಒಯ್ದು, ಮರುದಿನವೇ ತಂದರು.

“ಏನಮ್ಮಾ, ಹಾಡಿನ ಮಧ್ಯೆ ವಿಮಾನ ಹಾರ್ತಿದೆ! ವಾಪಸ್ ಕಳಿಸಿ.”

“ಯಾವ ವಿಮಾನ ಸಾರ್?”

ಅವರು ಹಾಕಿ ತೋರಿಸಿದರು. ಕೋಣೆ ತುಂಬ ಮೊರೆತ. ದಿನವೂ ಸೂರಿನ ಮೇಲೆಯೇ ಹೋಗುವ ಆ ಸದ್ದಿಗೆ ಪ್ರಮೋದಾರ ಕಿವಿ ಎಂದೋ ಬಾಗಿಲು ಹಾಕಿಕೊಂಡಿತ್ತು.

“ಇಷ್ಟು ದೊಡ್ಡದು ಕೇಳಿಸ್ದೆ ಇರೋ ಕಿವೀನ ನಂಬ್ಕೊಂಡು ಇನ್ನೇನ್ ಆರಿಸ್ಲಿ? ಈ ಕೆಲ್ಸ ಬೇರೆಯೋರಿಗೆ ಕೊಟ್ಬಿಡಿ ಸಾರ್,” ಎಂದುಬಿಟ್ಟರು.

ವಾಪಸ್ಸು ಕಳಿಸುವ ಮುನ್ನ ಒಂದು ಮಾತು ಹೇಳಿಬರೋಣವೆಂದು ಸಪ್ಪಲಮ್ಮನ ಮನೆಗೆ ಹೋದರು. ಅಜ್ಜಿ ಜಗುಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಹಾಡು ಕೇಳಿಸಿ ವಿಷಯ ತಿಳಿಸಿದ್ದೇ ತಡ, ಸಿಡಿದರು.

“ಯಾವನವ್ವ ಹಂಗಂದೋನು? ಅದು ಬಂತು ಅಂತ ನಾನೇನ್ ಬಾಯಿ ಮುಚ್ಕೊಂಡ್ನಾ? ನೆಟ್ಟಗೆ ಕೇಳು. ‘ತಾಯೀ’ ಅಂತ ಎಳ್ದಿವ್ನಿ. ಅದು ಆ ಕಡೆ ಹೋಗೋಗಂಟ ಬಿಟ್ಟಿಲ್ಲ!”

ಪ್ರಮೋದಾ ಮತ್ತೆ ಕೇಳಿದರು. ಮೊರೆತ ಏರಿತು, ತುಂಬಿತು, ತೆಳ್ಳಗಾಯಿತು. ಅದರಡಿಯಿಂದ ಮುದಿದನಿಯೊಂದು ಕಡಿಯದ ನೂಲಿನಂತೆ ಹೊರಬಂತು. ಹಳೆಯ ಪದ ಇಲ್ಲಿ ಹೊಸ ಉಸಿರು ಕಲಿತಿತ್ತು.

ಶನಿವಾರ ಶ್ರೀಧರ್‌ಗೆ ಆ ಒಂದು ಸಾಲನ್ನಷ್ಟೇ, ಕಣ್ಣು ಮುಚ್ಚಿಸಿ ಕೇಳಿಸಿದರು.

“ಅಜ್ಜಿ ಗೆದ್ದುಬಿಟ್ರಲ್ಲಮ್ಮಾ,” ಎಂದು ನಕ್ಕರು ಅವರು. ಸಿ.ಡಿ. ಉಳಿಯಿತು, ಕೆಲಸವೂ ಉಳಿಯಿತು.

ಆದರೂ ಪ್ರಮೋದಾ ಈಗ ಒಂಟಿ ಕಿವಿಯನ್ನು ನಂಬುವುದಿಲ್ಲ. ಪಿಲ್ಲಗುಂಪೆ ಕಡೆಯಿಂದ ಬರುವ ಕ್ಯಾಬ್ ಚಾಲಕ ಅಮರ್‌ಗೂ ಹೊಸ ಸಿ.ಡಿ.ಗಳನ್ನು ಒಮ್ಮೆ ಕೇಳಿಸುತ್ತಾರೆ.

“ಅಕ್ಕಾ, ವಿಮಾನ ಇಲ್ಲ, ಆದ್ರೆ ತಬಲಾದೋನು ಕೆಮ್ತಾವ್ನೆ!”

“ಕೆಮ್ಲಿ ಬಿಡೋ, ಅವ್ನೂ ಮನುಷ್ಯನೇ.”

ಪ್ರಮೋದಾರಿಗೊಂದು ಆಸೆಯಿದೆ. “ನಮ್ಮೂರ ಮೇಲೆ ಒಂದು ಸಾಕ್ಷ್ಯಚಿತ್ರ ಬರ್ಬೇಕು ಸಾರ್. ತೆಗೆಯೋರು ವಿಮಾನ ಹೋಗ್ಲಿ ಅಂತ ಕಾಯ್ಬಾರ್ದು, ನಾವು ಹೆಂಗ್ ಮಾತಾಡ್ತೀವೋ ಹಂಗೇ ಹಿಡೀಬೇಕು. ಅದನ್ನ ಮಾತ್ರ ನೋಡ್ದೆನೇ ಕಪಾಟಿಗಿಡ್ತೀನಿ.”

ಕೂಡಲೇ ತಾವೇ ತಲೆಯಾಡಿಸುತ್ತಾರೆ.

“ಇಲ್ಲ ಇಲ್ಲ, ನೋಡೇ ಇಡ್ತೀನಿ.”