ಮೂಗು ಬರುವವರೆಗೆ

ಈಗಿನ ಫೋಟೊಗಳು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಪರದೆಯ ಮೇಲೆ ಬಂದುಬಿಡುತ್ತವೆ. ಸೋಮನಾಥನಿಗೆ ಮಾತ್ರ ಕೊಪ್ಪದ ಬಸ್ ನಿಲ್ದಾಣದೆದುರು ತಾನಿಟ್ಟಿದ್ದ ಸೈಬರ್ ಸೆಂಟರೇ ನೆನಪಾಗುತ್ತದೆ. 2004ರಲ್ಲಿ ಪುಟ ಬೇಗ ತೆರೆಯಲೆಂದು ಅವನು ಬ್ರೌಸರಿನಲ್ಲಿ ಚಿತ್ರಗಳೇ ಬಾರದಂತೆ ಮಾಡಿಟ್ಟಿದ್ದ. ಬಾಳೆಹೊನ್ನೂರಿನ ಸುಮಿತ್ರಮ್ಮ, ತಮ್ಮ ಮಗಳು ಸುಮನಾಳಿಗೆ ಬಂದ ಸಂಬಂಧದ ಹುಡುಗ ಇಮೇಲ್‌ನಲ್ಲಿ ಕಳಿಸಿದ್ದ ಫೋಟೊ ನೋಡಲು ಅವಳೊಂದಿಗೆ ಬಂದಾಗ, ಕಂಡದ್ದು ಖಾಲಿ ಚೌಕ.

"ಎಂತದು ಮಾರಾಯ, ಹುಡುಗ ಎಲ್ಲಿ?" ಎಂದರು ಸುಮಿತ್ರಮ್ಮ.

ಸೋಮನಾಥ ನಾಲಿಗೆ ಕಚ್ಚಿಕೊಂಡು ಸೆಟ್ಟಿಂಗ್ ಬದಲಿಸಿದ. ಫೋಟೊ ಮೇಲಿನಿಂದ ಗೆರೆಗೆರೆಯಾಗಿ ಇಳಿಯತೊಡಗಿತು. ಕೂದಲು ಬಂತು, ಹಣೆ ಬಂತು, ಹಣೆಯ ಮೇಲೆ ವಿಭೂತಿ ಬಂತು.

"ವಿಭೂತಿ ಇದೆಯಲ್ಲ, ಸಾಕು, ಒಪ್ಪಿಗೆ ಅಂತ ಹೇಳ್ತೀನಿ," ಎಂದು ಸುಮಿತ್ರಮ್ಮ ಎದ್ದೇಬಿಟ್ಟರು.

ಸುಮನಾ ಅವರ ಸೆರಗು ಹಿಡಿದೆಳೆದಳು. "ಮೂಗಾದ್ರೂ ಬರ್ಲಿ, ತಡಿಯಮ್ಮ!"

ಮೂವರೂ ಪರದೆಯತ್ತ ಬಾಗಿ ಕಾದರು. ಮೂಗು ಮುಗಿದು ಹುಡುಗನ ನಗು ಮೂಡುವಷ್ಟರಲ್ಲಿ, ಸುಮನಾಳ ಕೈಯಿಂದ ಅಮ್ಮನ ಸೆರಗು ತಾನಾಗಿ ಜಾರಿತ್ತು.