ಕಿವಿ ಮುಚ್ಚಿಕೊಂಡ ಅಧ್ಯಕ್ಷರು

ಎಸ್‌ಟಿಡಿ ಬೂತು ಹೊಸದಾಗಿ ಬಂದಿದ್ದ ಆ ಕಾಲದಲ್ಲಿ, ತೊಣ್ಣೂರಿನಾಚೆಯ ಹಳ್ಳಿಯೊಂದರಲ್ಲಿ ಪಂಚಾಯ್ತಿ ಅಧ್ಯಕ್ಷಗಿರಿಗೆ ನಿಂತ ಬೋರಲಿಂಗೇಗೌಡರು ರಸ್ತೆ, ನಲ್ಲಿಗಿಂತ ಮುಂಚೆ ಹೇಳುತ್ತಿದ್ದುದು ಒಂದೇ ಮಾತು: “ಸರ್ಕಾರ ನಮ್ ಫೋನು ಕದ್ದು ಕೇಳ್ಬಾರ್ದು ಕಣ್ರಲಾ!” ಬೂತಿನಲ್ಲಿ ಯಾರಾದರೂ ಮಾತಾಡುತ್ತಿದ್ದರೆ ಅವರು ಕೆರೆ ಏರಿಯವರೆಗೂ ದೂರ ಸರಿಯುತ್ತಿದ್ದರು. ಭಾಷಣ ಬರೆದುಕೊಳ್ಳಲು ಬಂದ ಗುಪ್ತಚರ ಪೇದೆಗೆ ಮಜ್ಜಿಗೆ ಕೊಟ್ಟು, ಅವನು ಬರೆದುಕೊಳ್ಳುವಷ್ಟು ನಿಧಾನವಾಗಿ ಮಾತಾಡುತ್ತಿದ್ದರು. ಅಂತೂ ಗೆದ್ದರು. ಆಮೇಲೊಮ್ಮೆ, ಅವರ ಮೇಲಿನ ಅವಿಶ್ವಾಸ ಮತದ ಹಿಂದಿನ ದಿನ, ಬೂತಿನ ಸಿದ್ದರಾಜು ಓಡಿಬಂದ: “ಗೌಡ್ರೇ, ಯಾರ್ಯಾರು ಕೈ ಕೊಡ್ತಾವ್ರೆ ಅಂತ ಎಲ್ಲಾ ಕೇಳಿಸ್ಕೊಂಡಿವ್ನಿ.” ಗೌಡರು ಎರಡೂ ಕಿವಿ ಮುಚ್ಚಿಕೊಂಡರು. “ಬುಡ್ಲಾ, ನನ್ನ ಬಯ್ಯೋಕೂ ಅವ್ರಿಗೊಂದು ಮರೆ ಬ್ಯಾಡ್ವಾ?” ಮಾರನೆಯ ದಿನ ಕುರ್ಚಿ ಹೋಯಿತು. ಆದರೆ ಸೋಲಿಸಿದವರೇ, ಮನೆಯ ಗುಟ್ಟೊಂದು ಎದೆಗೆ ಭಾರವಾದಾಗಲೆಲ್ಲ, ಹೇಳಿಕೊಳ್ಳಲು ಬರುತ್ತಿದ್ದುದು ಗೌಡರ ಜಗಲಿಗೇ.